ಕಣ್ಣಳತೆಯ ದೂರದಲ್ಲಿ ಅಳಿಯ

ಅಳಿಯನಿಗೆ ಕಳ್ಳರ ಮೇಲೆ ಯಾವ ದೂರೂ ಇರಲಿಲ್ಲ. ಅವರಿಂದಲೇ ಅವನ ಹೊಟ್ಟೆಪಾಡು. ಅವನ ದೂರೆಲ್ಲ ಇದ್ದದ್ದು ಸರ್ಕಾರದ ನಿಯಮಾವಳಿಯ ಮೇಲೆ. ಏಳು ವರ್ಷ ಇನ್ನೊಬ್ಬರ ಕಂಪನಿಯಲ್ಲಿ ಸಂಬಳಕ್ಕೆ ದುಡಿದು, ಊರಿನ ಅರ್ಧ ಗೋಡೆಗಳಿಗೆ ಕಳ್ಳರ ಅಲಾರಂ ಕೂರಿಸಿ, ಕೊನೆಗೊಂದು ದಿನ ‘ಇನ್ನು ನನ್ನ ಏಣಿ ನಾನೇ ಹತ್ತುತ್ತೇನೆ’ ಎಂದು ಕೆಲಸ ಬಿಟ್ಟು ಬಂದು ಬಾಡಿಗೆ ಮನೆಯ ಮುಂದಿನ ಕೋಣೆಗೆ ಬೋರ್ಡು ತಗುಲಿಹಾಕಿದ್ದ. ಬೋರ್ಡು ಹಾಕಲು ಹತ್ತು ನಿಮಿಷ ಸಾಕಾಯಿತು. ಅದರ ಕೆಳಗೆ ಕೂರಲು ಬೇಕಾದ ಪರವಾನಗಿಗೆ ನೂರ ನಲವತ್ತು ಪುಟಗಳ ಪುಸ್ತಕವಿತ್ತು.

(ಅವನನ್ನು ಅಳಿಯ ಎಂದು ಕರೆಯಲು ಕಾರಣವಿದೆ. ಆ ಮನೆಯಲ್ಲಿ ಅವನು ಗಂಡನೂ ಹೌದು, ಮಾಲೀಕನೂ ಹೌದು. ಆದರೆ ಆ ಎರಡು ಹುದ್ದೆಗಳಲ್ಲಿ ಅವನನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.)

ಪುಸ್ತಕವನ್ನು ಅವನು ಹನ್ನೆರಡನೆಯ ಪುಟದವರೆಗೆ ಓದಿದ್ದ. ಮೇಲ್ವಿಚಾರಕನ ಪರೀಕ್ಷೆಯನ್ನು ಅನುಭವದ ಬಲದಿಂದ ಪಾಸು ಮಾಡಿ, ಬೆರಳಚ್ಚು ಕೊಟ್ಟು, ಆರು ತಿಂಗಳ ತಾತ್ಕಾಲಿಕ ಪರವಾನಗಿ ಪಡೆದಿದ್ದ. ಆರು ತಿಂಗಳ ಕೊನೆಗೆ ತನಿಖಾಧಿಕಾರಿ ಬಂದು ನೋಡಿ ಒಪ್ಪಿದರೆ ಪರವಾನಗಿ ಕಾಯಂ. ಒಪ್ಪದಿದ್ದರೆ ಬೋರ್ಡು ಇಳಿಸಿ, ಹಳೆಯ ಯಜಮಾನನ ಮುಂದೆ ಹೋಗಿ ಹಲ್ಲು ಕಿರಿಯಬೇಕು. ಆ ಯಜಮಾನ ಬೀಳ್ಕೊಡುವಾಗ “ಏಣಿ ಇಲ್ಲೇ ಇರತ್ತಪ್ಪ, ಎಲ್ಲೂ ಹೋಗಲ್ಲ” ಎಂದು ನಕ್ಕಿದ್ದ. ಆ ನಗು ಇನ್ನೂ ಅಳಿಯನ ಕಿವಿಯಲ್ಲಿತ್ತು.

ತೊಂದರೆಯೆಲ್ಲ ಫೋನಿನದು. ಅಲಾರಂ ಅರಚಿಕೊಂಡಾಗ ಗಿರಾಕಿ ಫೋನ್ ಮಾಡುತ್ತಾನೆ. ಈ ಕಡೆಯವರು ಗುಟ್ಟುಪದ ಕೇಳಿ, ಸರಿಯಾಗಿದ್ದರೆ ಅಲಾರಂ ನಿಲ್ಲಿಸಬೇಕು, ತಪ್ಪಾಗಿದ್ದರೆ ಪೊಲೀಸರಿಗೆ ತಿಳಿಸಬೇಕು. ಈ ಫೋನ್ ಎತ್ತುವವರು ಯಾರೇ ಇರಲಿ, ಅವರು ‘ಸಿಬ್ಬಂದಿ’. ಸಿಬ್ಬಂದಿ ಎಂದಮೇಲೆ ಬೆರಳಚ್ಚು, ಪೂರ್ವಾಪರ ವಿಚಾರಣೆ, ಫೋಟೋ ಇರುವ ಗುರುತಿನ ಕಾರ್ಡು ಎಲ್ಲ ಆಗಿರತಕ್ಕದ್ದು. ಇದು ಒಂಬತ್ತನೆಯ ಪುಟದಲ್ಲಿದ್ದುದರಿಂದ ಅವನಿಗೆ ಗೊತ್ತಿತ್ತು. ಆದರೆ ಹಗಲೆಲ್ಲ ಅವನು ಏಣಿಯ ಮೇಲೆ, ಹೆಂಡತಿ ಆಸ್ಪತ್ರೆಯ ಲ್ಯಾಬಿನಲ್ಲಿ. ಮನೆಯಲ್ಲಿ ಉಳಿಯುತ್ತಿದ್ದವರು ಅತ್ತೆ.

ಅತ್ತೆ ಹತ್ತು ದಿನಕ್ಕೆಂದು ಬಂದು ಐದು ತಿಂಗಳಾಗಿತ್ತು. ಮೂವತ್ತೆರಡು ವರ್ಷ ಹುಡುಗಿಯರ ಹಾಸ್ಟೆಲಿನಲ್ಲಿ ವಾರ್ಡನ್ ಆಗಿದ್ದು ನಿವೃತ್ತರಾದವರು. ಫೋನ್ ಬಡಿದುಕೊಳ್ಳುತ್ತಿದ್ದರೆ ಸುಮ್ಮನೆ ಕೂರುವುದು ಅವರ ಜಾಯಮಾನದಲ್ಲೇ ಇರಲಿಲ್ಲ. ಬಂದ ವಾರವೇ ಒಬ್ಬ ಗಿರಾಕಿ ಗುಟ್ಟುಪದ ಮರೆತು “ಅಮ್ಮಾ, ನಾನೇ ಈ ಮನೆ ಯಜಮಾನ” ಎಂದು ಗೋಗರೆದಾಗ, “ಹಾಗಂತ ಎಲ್ರೂ ಹೇಳ್ತಾರೆ. ಹೊರಗೆ ನಿಂತು ಯೋಚ್ನೆ ಮಾಡಿ, ನೆನಪಾದ್ರೆ ಫೋನ್ ಮಾಡಿ” ಎಂದು ಇಟ್ಟುಬಿಟ್ಟಿದ್ದರು. ಆತ ನಲವತ್ತು ನಿಮಿಷ ಸ್ವಂತ ಗೇಟಿನ ಮುಂದೆ ನಿಂತು ನೆನಪಿಸಿಕೊಂಡ. ಮಾರನೆಯ ದಿನ ತನ್ನ ಇಬ್ಬರು ತಮ್ಮಂದಿರ ಮನೆಗೂ ಅಲಾರಂ ಹಾಕಿಸಿದ. ಅಂದಿನಿಂದ ಅಳಿಯ ಒಂಬತ್ತನೆಯ ಪುಟವನ್ನೂ ಓದಿಲ್ಲದವನಂತೆ ಇದ್ದುಬಿಟ್ಟ.

ತನಿಖೆಯ ದಿನ ಬೆಳಿಗ್ಗೆ ಮಾತ್ರ ಬಾಯಿ ಬಿಡಬೇಕಾಯಿತು.

“ಅತ್ತೆ, ಇವತ್ತೊಂದಿನ ನೀವು ಫೋನ್ ಮುಟ್ಬೇಡಿ. ಅಧಿಕಾರಿ ಕೇಳಿದ್ರೆ, ನೆಂಟರು, ನೋಡ್ಕೊಂಡು ಹೋಗಕ್ಕೆ ಬಂದಿದೀನಿ ಅನ್ನಿ.”

“ಐದು ತಿಂಗಳಿಂದ ನೋಡ್ತಾನೇ ಇದೀನಲ್ಲ ಅಳಿಯಂದ್ರೇ. ಏನೂ ಸುಧಾರಣೆ ಕಾಣ್ಲಿಲ್ಲ.”

“ಅಮ್ಮ, ಸುಮ್ನಿರೇ” ಎಂದಳು ರಜೆ ಹಾಕಿ ಮನೆಯಲ್ಲೇ ಉಳಿದಿದ್ದ ಹೆಂಡತಿ. ಹೇಳುವಾಗ ಅವಳ ತುಟಿಯ ಕೊನೆ ಸಣ್ಣಗೆ ಅದುರಿತು. ಅಳಿಯ ಅದನ್ನು ಗಾಬರಿ ಎಂದುಕೊಂಡ.

“ತಮಾಷೆಯಲ್ಲ ಅತ್ತೆ. ಕಾರ್ಡಿಲ್ಲದವರು ಫೋನ್ ಎತ್ತಿದ್ದು ಗೊತ್ತಾದ್ರೆ ನಮ್ಮ ಕಥೆ ಮುಗೀತು.”

“ನಾನ್ಯಾಕಪ್ಪ ಮಾತಾಡ್ಲಿ” ಎಂದು ಅತ್ತೆ ಮೂಲೆಯ ಕುರ್ಚಿಯಲ್ಲಿ ಕೂತು ಹೆಣಿಗೆಯ ಕಡ್ಡಿ ಕೈಗೆತ್ತಿಕೊಂಡರು.

ತನಿಖಾಧಿಕಾರಿಯಾಗಿ ಬಂದ ಹೆಂಗಸು, ಆಡುವ ಮಾತಿಗೆಲ್ಲ ರಸೀದಿ ಕೊಡಬೇಕೇನೋ ಎಂಬಷ್ಟು ಮಿತಭಾಷಿ. ಗಿರಾಕಿಗಳ ಕೀಲಿಕೈ ಇಡುವ ಕಪಾಟನ್ನು ಎರಡು ಸಲ ಎಳೆದು ನೋಡಿದರು. ರಿಜಿಸ್ಟರಿನ ಪುಟ ಎಣಿಸಿದರು. ಎಲ್ಲ ಸರಿಯಾಗಿತ್ತು. ಅಳಿಯನ ಎದೆ ಆಗಲೇ ಎರಡು ಅಂಗುಲ ಉಬ್ಬಿತ್ತು. ಅಷ್ಟರಲ್ಲಿ ಫೋನ್ ಬಡಿದುಕೊಂಡಿತು.

“ಎತ್ತಿ. ಸ್ಪೀಕರ್ ಹಾಕಿ” ಎಂದರು ಅಧಿಕಾರಿ.

“ನಮಸ್ಕಾರ, ಗೃಹರಕ್ಷಣಾ ಸೇವಾ ಕೇಂದ್ರ. ತಮ್ಮ ಗುಟ್ಟುಪದ ದಯಪಾಲಿಸಬೇಕು” ಎಂದ ಅಳಿಯ, ಯಾವತ್ತೂ ಇಲ್ಲದ ಕಂಠದಲ್ಲಿ.

ಆ ಕಡೆ ಅಲಾರಂ ಕಿವಿಗಡಚಿಕ್ಕುವಂತೆ ಅರಚುತ್ತಿತ್ತು. “ನೀವ್ಯಾರ್ರೀ? ಅಮ್ಮ ಎಲ್ಲಿ?”

“ನಾನು ಮಾಲೀಕ ಸಾರ್. ಗುಟ್ಟುಪದ ಹೇಳಿ.”

“ಮಾಲೀಕನೋ ಗೀಲೀಕನೋ ನಂಗೇನ್ ಗೊತ್ತು? ದಿನಾ ಎತ್ತೋದು ಅಮ್ಮ. ಗೊತ್ತಿಲ್ದೋರಿಗೆ ಗುಟ್ಟುಪದ ಹೇಳ್ಬಾರ್ದು ಅಂತ ಅವ್ರೇ ಹೇಳಿದಾರೆ. ಅಮ್ಮಂಗೆ ಕೊಡ್ರೀ, ಅಕ್ಕಪಕ್ಕದೋರು ಹೊಡೆಯಕ್ಕೆ ಬರ್ತಿದಾರೆ!”

ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದರು. “ಅಮ್ಮ ಯಾರು?”

“ನೆಂಟರು ಮೇಡಂ, ಸುಮ್ನೆ ನೋಡ್ಕೊಂಡು...”

ಅತ್ತೆ ಎದ್ದು ಬಂದು ಅವನ ಕೈಯಿಂದ ಫೋನ್ ತೆಗೆದುಕೊಂಡರು. ಸ್ಪೀಕರ್ ಆರಿಸಿ, ಗುಟ್ಟುಪದ ಕೇಳಿ, ಗುಂಡಿ ಒತ್ತಿದರು. “ಹಿಂದಿನ ಕಿಟಕಿ ಮತ್ತೆ ಹಾಕಿಲ್ಲ ತಾನೇ? ಹೋಗಿ ಹಾಕು, ನಾನು ಕಾಯ್ತೀನಿ.” ಕಿಟಕಿ ಹಾಕಿದ ಸದ್ದು ಕೇಳಿಸಿಕೊಂಡೇ ಫೋನ್ ಇಟ್ಟರು.

“ಕಾರ್ಡಿಲ್ಲದ ಸಿಬ್ಬಂದಿ” ಎಂದು ಅಧಿಕಾರಿ ಬರೆಯತೊಡಗಿದರು.

“ಒಂದ್ನಿಮಿಷ ಮೇಡಂ” ಎಂದ ಅತ್ತೆ ಹೆಣಿಗೆಯ ಚೀಲದಿಂದ ಕಾರ್ಡೊಂದನ್ನು ತೆಗೆದು ಮೇಜಿನ ಮೇಲಿಟ್ಟರು. ಫೋಟೋ, ಮೊಹರು ಎಲ್ಲ ಇತ್ತು. ಕೆಳಗೆ ‘ಮೇಲ್ವಿಚಾರಕರು’ ಎಂದು ಅಚ್ಚಾಗಿತ್ತು. “ಪುಸ್ತಕ ಸುಮ್ನೆ ಬಿದ್ದಿತ್ತು. ಮಧ್ಯಾಹ್ನ ಹೊತ್ತು ಹೋಗ್ಬೇಕಲ್ಲ, ಓದ್ದೆ. ಅಷ್ಟು ಓದಿದ ಮೇಲೆ ಪರೀಕ್ಷೆ ಯಾಕೆ ಬಿಡ್ಲಿ ಅಂತ ಅದನ್ನೂ ಬರೆದೆ.”

“ನಾನೇ ಕರ್ಕೊಂಡು ಹೋಗಿದ್ದೆ ರೀ” ಎಂದಳು ಹೆಂಡತಿ. “ನಿಮಗೆ ಹೇಳಿದ್ರೆ ಬೇಡ ಅಂತಿದ್ರಿ.”

ಅತ್ತೆ ತಮ್ಮ ಅರ್ಜಿಯ ಅನುಭವದ ಕಾಲಮಿನಲ್ಲಿ ಹಾಸ್ಟೆಲಿನ ಮೂವತ್ತೆರಡು ವರ್ಷಗಳನ್ನು ನಮೂದಿಸಿದ್ದರು. ಭದ್ರತಾ ಅನುಭವವೆಂದು ಇಲಾಖೆ ಮರುಮಾತಿಲ್ಲದೆ ಒಪ್ಪಿತ್ತು. (ಕಾರ್ಡಿನ ತಾರೀಖು ನಾಲ್ಕು ತಿಂಗಳ ಹಿಂದಿನದು. ಅದಕ್ಕೂ ಹಿಂದಿನ ಒಂದು ತಿಂಗಳ ಬಗ್ಗೆ ಅಧಿಕಾರಿ ಕೇಳಲಿಲ್ಲ, ಅಳಿಯನೂ ನೆನಪಿಸಲಿಲ್ಲ.)

“ಅತ್ತೇ!” ಎಂದ ಅಳಿಯ. ಮದುವೆಯಾದ ನಾಲ್ಕು ವರ್ಷಗಳಲ್ಲಿ ಆ ಪದವನ್ನು ಅವನು ಅಷ್ಟು ಪ್ರೀತಿಯಿಂದ ಉಚ್ಚರಿಸಿದ್ದು ಅದೇ ಮೊದಲು.

“ನಿಮ್ಮ ಕಾರ್ಡು?” ಎಂದರು ಅಧಿಕಾರಿ.

ಅಳಿಯ ಮಡಿಸಿಟ್ಟ ಕಾಗದವೊಂದನ್ನು ಬಿಚ್ಚಿ ತೋರಿಸಿದ.

“ಇದು ಅರ್ಜಿಯ ರಸೀದಿ.”

“ಕಾರ್ಡು ಬರ್ತಾ ಇದೆ ಮೇಡಂ.”

“ಬರ್ತಾ ಇಲ್ಲ. ಮೂರು ಪತ್ರ ಕಳಿಸಿದೀವಿ. ನಿಮ್ಮ ಬೆರಳಚ್ಚು ಮೂಡಿಲ್ಲ.”

ಮೂರೂ ಪತ್ರಗಳು ಬಿಡುವಾದಾಗ ಓದಿಸಿಕೊಳ್ಳಲು ಟೂಲ್ ಪೆಟ್ಟಿಗೆಯ ತಳದಲ್ಲಿ ಕಾಯುತ್ತಿದ್ದವು. ಏಳು ವರ್ಷ ಸಿಮೆಂಟು ಗೋಡೆ ಕೊರೆದು, ಸುಡುವ ಬೆಸುಗೆ ಮುಟ್ಟಿ, ಅಂಟು ಉಜ್ಜಿ ತೆಗೆದು ಅವನ ಬೆರಳ ತುದಿಗಳು ಗೋಲಿಯಷ್ಟು ನುಣುಪಾಗಿದ್ದವು. ಇಲಾಖೆಯ ಹಾಳೆಯ ಮೇಲೆ ಹತ್ತು ಬೆರಳಿಗೆ ಹತ್ತು ಕರಿ ಮಚ್ಚೆ, ಒಂದರಲ್ಲೂ ಗೆರೆಯಿಲ್ಲ. ಕಳ್ಳನಾಗಿದ್ದರೆ ಎಷ್ಟೋ ಮುಂದೆ ಬರುತ್ತಿದ್ದ.

“ಮತ್ತೆ ಯಾವಾಗ ಮೂಡತ್ತೆ ಮೇಡಂ?”

“ಆರು ತಿಂಗಳು ಗೋಡೆ ಮುಟ್ಟದೇ ಇದ್ರೆ.”

“ಮುಟ್ಟದೇ ಇದ್ರೆ ಊಟಕ್ಕೇನ್ ಮಾಡೋದು?”

“ಅದು ನಿಯಮಾವಳಿಯಲ್ಲಿ ಇಲ್ಲ.”

“ಎಂಬತ್ತಾರನೇ ಪುಟ” ಎಂದರು ಮತ್ತೆ ಹೆಣೆಯಲು ಕೂತಿದ್ದ ಅತ್ತೆ, ಕಡ್ಡಿಯಿಂದ ಕಣ್ಣೆತ್ತದೆ. “ಕಾರ್ಡಿಲ್ಲದ ಕೆಲಸಗಾರನು ಮೇಲ್ವಿಚಾರಕರ ಕಣ್ಣಳತೆಯ ದೂರದಲ್ಲಿ ಮಾತ್ರ ಕೆಲಸ ಮಾಡತಕ್ಕದ್ದು.”

“ಬಾಯಿಪಾಠ ಇದೆಯಲ್ಲಮ್ಮ!” ಎಂದು ಅಧಿಕಾರಿ ಮೊದಲ ಸಲ ನಕ್ಕರು. ನಗುತ್ತಲೇ ಪರವಾನಗಿಯನ್ನು ಕಾಯಂ ಮಾಡಿ, ಮೇಲ್ವಿಚಾರಕರ ಜಾಗದಲ್ಲಿ ಅತ್ತೆಯ ಹೆಸರನ್ನೂ ಕಲಿಯುತ್ತಿರುವವರ ಜಾಗದಲ್ಲಿ ಅಳಿಯನ ಹೆಸರನ್ನೂ ಬರೆದು ಹೊರಟರು.

ಎರಡು ದಿನದ ಮೇಲೆ ಒಂದು ಹೊಲಿಗೆ ಅಂಗಡಿಯಲ್ಲಿ ಕೆಲಸ. ಅಳಿಯ ಏಣಿಯ ಮೇಲೆ ಗೋಡೆ ಕೊರೆಯುತ್ತಿದ್ದ. ಕೆಳಗೆ ಮಡಿಸುವ ಕುರ್ಚಿಯಲ್ಲಿ ಅತ್ತೆ, ತೊಡೆಯ ಮೇಲೆ ಫೋನು. ಅವನು ತಂತಿ ಎಳೆಯುತ್ತ ಬಟ್ಟೆಯ ಪರದೆಯ ಹಿಂದಕ್ಕೆ ಹೋದರೆ “ಅಳಿಯಂದ್ರೇ, ಕಾಣ್ತಿಲ್ಲ” ಎಂಬ ದನಿ ಬರುತ್ತಿತ್ತು. ಅವನು ತಲೆ ಹೊರಗೆ ಹಾಕಿ ತೋರಿಸಿ ಮತ್ತೆ ಒಳಗೆ ಹೋಗುತ್ತಿದ್ದ. ಅಂಗಡಿಯ ಒಡತಿ ಎರಡು ಲೋಟ ಚಹಾ ತಂದು, ಒಂದನ್ನು ಅತ್ತೆಯ ಕೈಗಿತ್ತು, ಇನ್ನೊಂದನ್ನು ತಾನೇ ಕುಡಿಯುತ್ತ, ಏಣಿಯ ಕಡೆ ಗದ್ದ ತೋರಿಸಿದಳು.

“ಹೇಗಮ್ಮ ಆಳು? ಪರ್ವಾಗಿಲ್ವಾ?”

ಅತ್ತೆ ತಲೆಯೆತ್ತಿ, ಅವನು ತಿರುಗಿಸುತ್ತಿದ್ದ ಸ್ಕ್ರೂ ಪೂರ್ತಿ ಕೂರುವವರೆಗೂ ನೋಡಿದರು.

“ಏನೋ, ಮಗಳ ಮುಖ ನೋಡಿ ಇಟ್ಕೊಂಡಿದೀನಿ.”