ಐಸ್ ಪ್ಲಾಂಟಿನ ಗಂಟೆ

ಕೆಲಸದಲ್ಲಿ ತಪ್ಪೇ ಇರಬಾರದೆಂದು ಹಟ ಹಿಡಿದವನಿಗೇ ಇಂಥವೆಲ್ಲ ಕಾದು ಕೂತಿರುತ್ತವೆ. ಹೇಗೋ ಮಾಡಿ ಮುಗಿಸುವವರಿಗೆ ಇಷ್ಟು ಹೆದರುವ ಯೋಗ ಇಲ್ಲ.

ಕುಂಜತ್ತೂರಿನ ಕಡಲ ಬದಿಯಲ್ಲಿ ದೋಣಿಗಳಿಗೆ ಮಂಜುಗಡ್ಡೆ ಕೊಡುವ ಐಸ್ ಪ್ಲಾಂಟ್ ಒಂದುಂಟು. ನೀರನ್ನು ಹೆಪ್ಪುಗಟ್ಟಿಸಲು ಅಲ್ಲಿ ಪೈಪುಗಳಲ್ಲಿ ಓಡುವುದು ಅಮೋನಿಯ. ಅದು ಪೈಪಿನಿಂದ ಸೋರಿದರೆ ಮೊದಲು ಕಣ್ಣು ಹೋಗುತ್ತದೆ, ಮತ್ತೆ ಉಸಿರು, ಮತ್ತೆ ಮನುಷ್ಯ. ಸೋರಿದ ಕೂಡಲೇ ಗಂಟೆ ಹೊಡೆಯುವಂತೆ ಮಾಡುವುದು ನನ್ನ ಕೆಲಸ. ಗೋಡೆಯ ಸೆನ್ಸರ್ ಗಾಳಿಯನ್ನು ಅಳೆದು ಸೀರಿಯಲ್ ಪೋರ್ಟ್ ಎಂಬ ತಂತಿ ಸಿಕ್ಕಿಸುವ ಕಿಂಡಿಯ ಮೂಲಕ ಕಂಪ್ಯೂಟರಿಗೆ ಅಂಕೆ ಕಳಿಸುತ್ತದೆ. ಅಲ್ಲಿ ನನ್ನ ಪ್ರೋಗ್ರಾಂ. ಅದು ಬರೆಯುವಂಥದ್ದಲ್ಲ, ಚಿತ್ರದಂಥದ್ದು: ಪೆಟ್ಟಿಗೆಗಳನ್ನು ಗೆರೆಗಳಿಂದ ಜೋಡಿಸಿ ಸುತ್ತ ಒಂದು ಲೂಪ್ ಹಾಕುವುದು. ಲೂಪ್ ಸುತ್ತುತ್ತ ಅಂಕೆ ಓದುತ್ತಲೇ ಇರುತ್ತದೆ, ಅಂಕೆ ಮಿತಿ ದಾಟಿದರೆ ಗಂಟೆ.

ಮೊದಲ ದಿನವೇ ಎಲ್ಲರನ್ನೂ ನಿಲ್ಲಿಸಿ ಎರಡು ನಿಯಮ ಹೇಳಿದೆ. "ಮೂಗನ್ನು ನಂಬಬೇಡಿ, ಸ್ಕ್ರೀನನ್ನು ನಂಬಿ. ಗಂಟೆ ಹೊಡೆದರೆ ಓಡಬೇಡಿ, ಸಾಲಾಗಿ ನಡೆದು ಹೊರಗೆ ಹೋಗಿ."

ಅಂಟಿದ ಅಂಕೆ

ಅಂದೇ ಗಂಟೆ ಹೊಡೆಯಿತು. ಸ್ಕ್ರೀನ್ ಕೆಂಪು, ಸಾವಿರದ ಇನ್ನೂರ ಹದಿಮೂರು. ಸಾಲೂ ಇಲ್ಲ, ನಡಿಗೆಯೂ ಇಲ್ಲ. ನಾನು "ಸಾಲು, ಸಾಲು" ಎನ್ನುವಷ್ಟರಲ್ಲಿ ಎಲ್ಲರೂ ಹೊರಗೆ ಕಡಲದಂಡೆಯ ಹೊಯಿಗೆಯ ಮೇಲಿದ್ದರು.

ನೋಡಿದರೆ ಸೋರಿಕೆಯೇ ಇಲ್ಲ. ಹನ್ನೆರಡು, ಹದಿಮೂರು ಎಂದು ಎರಡು ಅಂಕೆ ಒಂದರ ಹಿಂದೆ ಒಂದು ಬಂದಿವೆ. ಒಂದು ಎಲ್ಲಿ ಮುಗಿಯಿತೆಂದು ನೋಡದೆ ಲೂಪ್ ಎರಡನ್ನೂ ಅಂಟಿಸಿ ಓದಿದೆ.

ಮೆಷಿನ್ ನಡೆಸುವ ಆಪರೇಟರ್ ಏದುಸಿರು ಬಿಡುತ್ತ ಹೇಳಿದ, "ಒಳ್ಳೇದೇ ಆಯ್ತು ಸಾರ್. ಮೂರನೆಯದ್ದೂ ಅಂಟಿದ್ದಿದ್ದರೆ ನಾವು ಲಕ್ಷದ್ವೀಪಕ್ಕೆ ಮುಟ್ಟುತ್ತಿದ್ದೆವು."

ಊಟದ ಹೊತ್ತಿಗೆ

ಅದನ್ನು ಸರಿಮಾಡಿ, ಪರೀಕ್ಷೆ ಮಾಡಿ ತೋರಿಸಲು ಪ್ಲಾಂಟಿನ ಧಣಿಗಳನ್ನು ಕರೆದೆ. ಅಮೋನಿಯದಲ್ಲಿ ಅದ್ದಿದ ಹತ್ತಿಯನ್ನು ಸೆನ್ಸರಿಗೆ ಹಿಡಿದೆ. ಗಂಟೆ ಇಲ್ಲ. ಧಣಿಗಳು ಊಟಕ್ಕೆ ನಡೆದರು.

ಎಲ್ಲರೂ ಅನ್ನಕ್ಕೆ ಬಂಗುಡೆ ಸಾರು ಹಾಕಿಕೊಂಡಿದ್ದಾರೆ, ಗಂಟೆ! ಬಟ್ಟಲು ಬಿಟ್ಟು ಓಡಿದರು. ನೋಡಿದರೆ ಈಗಲೂ ಸೋರಿಕೆ ಇಲ್ಲ. ಸೆನ್ಸರ್ ಬೇಗ ಬೇಗ ಅಂಕೆ ಕಳಿಸುತ್ತದೆ, ನನ್ನ ಲೂಪ್ ಪ್ರತಿ ಸುತ್ತಿಗೂ ಚಂದದ ಗ್ರಾಫ್ ಬಿಡಿಸುತ್ತ ಕೂರುತ್ತದೆ. ಓದದೆ ಉಳಿದ ಅಂಕೆಗಳು ರೇಶನ್ ಅಂಗಡಿಯ ಸಾಲಿನಂತೆ ನಿಂತಿದ್ದವು. ಹತ್ತಿಯ ಅಂಕೆಗೆ ಸರದಿ ಬಂದದ್ದು ಆಗ.

ಧಣಿಗಳು ಎಂಜಲು ಕೈಯಲ್ಲೇ ಹೇಳಿದರು, "ಭಾರೀ ಲಾಯ್ಕುಂಟು ಇಂಜಿನಿಯರೇ. ನಿಜವಾಗಿ ಸೋರಿದರೆ ನಾವು ಸತ್ತ ಮೇಲೆ ನಮ್ಮ ಬೊಜ್ಜದ ಊಟಕ್ಕೆ ಸರಿಯಾಗಿ ಗಂಟೆ ಹೊಡೆದೀತು. ಇನ್ನೊಂದು ಸಲ ಸುಮ್ಮನೆ ಹೆದರಿಸಿದರೆ ಬಿಚ್ಚಿ ಸಮುದ್ರಕ್ಕೆ."

ಸೊನ್ನೆ

ಲೂಪನ್ನೂ ಚುರುಕು ಮಾಡಿದೆ. ಆಯುಧಪೂಜೆ ಕಳೆದ ಮರುದಿನ ಬೆಳಿಗ್ಗೆ ಹೋದರೆ ಸ್ಕ್ರೀನಿನಲ್ಲಿ ಸೊನ್ನೆ. ಆ ಪ್ಲಾಂಟಿನ ಗಾಳಿ ಯಾವತ್ತೂ ಸೊನ್ನೆ ತೋರಿಸಿದ್ದಿಲ್ಲ. ಅಷ್ಟರಲ್ಲಿ ಕಣ್ಣು ಉರಿಯತೊಡಗಿತು. ಗಂಟಲು ಹಿಡಿಯಿತು. ಸ್ಕ್ರೀನಿನಲ್ಲಿ ಸೊನ್ನೆಯೇ.

"ಹೊರಗೆ ನಡೆಯಿರಿ, ಸೋರುತ್ತಾ ಉಂಟು," ಎಂದೆ.

ಆಪರೇಟರ್ ಕಣ್ಣೊರೆಸಿಕೊಳ್ಳುತ್ತ ಕೂತಲ್ಲಿಂದ ಏಳಲಿಲ್ಲ. "ನನಗೂ ವಾಸನೆ ಬಂತು ಸಾರ್. ಆದರೆ ಸೊನ್ನೆ ಉಂಟಲ್ಲ? ಮೂಗನ್ನು ನಂಬಬಾರದು ಅಂತ ನೀವೇ ಹೇಳಿದ್ದು."

"ಈಗ ನಂಬು ಮಾರಾಯ," ಎಂದು ಅವನ ರಟ್ಟೆ ಹಿಡಿದೆಳೆದು ಓಡಿದೆ. ಓಡುವುದೆಂದರೆ ಓಡುವುದೇ. ಒಂದು ಚಪ್ಪಲಿ ಒಳಗೆ, ಒಂದು ಕಾಲಲ್ಲಿ. ನನ್ನನ್ನು ಕಂಡು ಉಳಿದವರೂ ಓಡಿದರು. ಮೆಕ್ಯಾನಿಕ್ ಮಾಸ್ಕ್ ಹಾಕಿ ಒಳಹೊಕ್ಕು ವಾಲ್ವ್ ಮುಚ್ಚಿದ. ಯಾರಿಗೂ ಏನೂ ಆಗಲಿಲ್ಲ.

ಗಾಳಿ ಸ್ವಲ್ಪ ತಿಳಿಯಾದ ಮೇಲೆ ಸೆನ್ಸರ್ ನೋಡಿದೆ. ಸೇವಂತಿಗೆ ಮಾಲೆ, ಕುಂಕುಮ. ಗಾಳಿ ಹೋಗುವ ಜಾಲರಿಯ ಮೇಲೆ ಗಟ್ಟಿ ಗಂಧ, ಒಣಗಿ ಸಿಮೆಂಟಾಗಿತ್ತು. ಆಪರೇಟರ್ ತಲೆ ತಗ್ಗಿಸಿದ. "ಹೊಸ ಮೆಷಿನ್ ಅಲ್ವಾ ಸಾರ್. ನಮ್ಮ ಜೀವ ಕಾಯುವುದು ಅಂತ ಸ್ವಲ್ಪ ಜಾಸ್ತಿಯೇ ಹಚ್ಚಿದೆ."

ತೊಳೆದ ಕೂಡಲೇ ಒಳಗೆ ಇನ್ನೂ ಉಳಿದಿದ್ದ ಅಮೋನಿಯಕ್ಕೇ ಗಂಟೆ ಹೊಡೆಯಿತು. ಅಂಗಳದಲ್ಲಿ ಕೆಮ್ಮುತ್ತ ನಿಂತಿದ್ದ ಧಣಿಗಳು, "ಇರಲಿ, ಬಿಚ್ಚುವುದು ಬೇಡ," ಎಂದರು.

ಈಗ ಹೊಸಬರು ಕೆಲಸಕ್ಕೆ ಸೇರಿದರೆ ನಿಯಮ ಹೇಳಿಕೊಡುವುದು ಆಪರೇಟರೇ. ಮೊನ್ನೆ ನನ್ನ ಎದುರಿಗೇ ಹೇಳುತ್ತಿದ್ದ: "ಗಂಟೆ ಹೊಡೆದರೆ ಸಾಲಾಗಿ ನಡೆಯಿರಿ. ಗಂಟೆ ಹೊಡೆಯದೆ ಸಾರ್ ಓಡಿದರೆ ಸಾಲೂ ಬೇಡ, ಎಂತದೂ ಬೇಡ. ಅವರನ್ನು ದಾಟಿ ಓಡಿ."