ಹಸಿರು ಗೇಟಿನ ಅಜ್ಞಾತ ಸವಾರ

"ಇನ್ನು ಮೇಲೆ ನಮ್ಮ ಮನೆಯ ಸುದ್ದಿ ಒಂದು ನೊಣಕ್ಕೂ ತಿಳಿಯಕೂಡದು!" ಎಂದು ಬೀಗಪ್ಪನವರು ಊಟದ ಮೇಜಿನ ಮುಂದೆ ಎದ್ದು ನಿಂತು ಘೋಷಿಸಿದಾಗ ಅದನ್ನು ಕೇಳಿಸಿಕೊಂಡವರು ಮೂವರು: ಹೆಂಡತಿ, ಅತ್ತೆ ಮತ್ತು ಒಂದು ನೊಣ.

ಬೀಗಪ್ಪ ಎನ್ನುವುದು ಅವರ ನಿಜವಾದ ಹೆಸರಲ್ಲ. ನಿಜವಾದ ಹೆಸರು ಹೇಳಿದರೆ ನಮ್ಮ ಮೇಲೆ ಕೇಸು ಹಾಕಿಯಾರು! ಆಫೀಸಿನ ಕಂಪ್ಯೂಟರುಗಳ ಗುಟ್ಟು ಹೊರಗೆ ಹೋಗದಂತೆ ಕಾಯುವ ಕೆಲಸ ಅವರದು. ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಪರದೆಗೆ ಅಂಟಿಸಿಕೊಂಡವರನ್ನು ಹಿಡಿದು ಬೆಂಡೆತ್ತುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಅಂಥ ಬೆಂಡೆತ್ತಿಸಿಕೊಂಡವರೆಲ್ಲ ಸೇರಿ ಇಟ್ಟ ಹೆಸರು ಅದು.

ಮನೆಯಲ್ಲೂ ಅದೇ ದರ್ಬಾರು. ಲ್ಯಾಪ್‌ಟಾಪಿನ ಕ್ಯಾಮೆರಾ ಕಣ್ಣಿಗೆ ಗಾಯದ ಪಟ್ಟಿ. ಗೇಟಿಗೆ ಹೆಸರಿನ ಫಲಕವಿಲ್ಲ. ಪಾರ್ಸೆಲ್ ಡಬ್ಬದ ಮೇಲಿನ ವಿಳಾಸವನ್ನು ಕತ್ತರಿಸಿ, ನೀರಲ್ಲಿ ನೆನೆಸಿ, ಮುದ್ದೆ ಮಾಡಿ ಗಿಡದ ಬುಡಕ್ಕೆ ಹಾಕುತ್ತಿದ್ದರು. ಅತ್ತೆಯವರು ಕಿಟಕಿಯ ಪಕ್ಕ ಕುಳಿತು ಒಂದು ಫೋಟೊ ತೆಗೆಸಿಕೊಂಡು ತಂಗಿಗೆ ಕಳಿಸಹೊರಟರೆ ಅದಕ್ಕೂ ತಡೆ.

"ಅತ್ತೆ, ಕಿಟಕಿಯಾಚೆ ಆ ಕರೆಂಟ್ ಕಂಬ ಕಾಣ್ತಿದೆ. ಮನೆ ಪತ್ತೆ ಹಚ್ಚೋಕೆ ಅಷ್ಟು ಸಾಕು!"

"ಅಳಿಯಂದ್ರೇ, ನನ್ನ ತಂಗಿ ಹೋದ್ವರ್ಷ ಇಲ್ಲೇ ಎರಡು ತಿಂಗಳು ಇದ್ದು ಹೋದ್ಲು. ಅವಳಿಂದ ಮನೆ ಎಲ್ಲಿ ಬಚ್ಚಿಡ್ತೀರಿ?"

ಇವೆಲ್ಲ ನಗುವ ಮಾತು. ನಗು ಬಾರದ್ದು ಹೆಂಡತಿಯ ವಿಷಯ. ಹಿಂದಿನ ಕೋಣೆಯಲ್ಲಿ ಕುಂಬಾರರ ಚಕ್ರ ಇಟ್ಟುಕೊಂಡು ಆಕೆ ಮಣ್ಣಿನ ಲೋಟ, ಹೂಜಿ, ಹೂಕುಂಡ ಮಾಡುತ್ತಿದ್ದರು. ಮೊದಮೊದಲು ಸೊಟ್ಟಗೆ ಬರುತ್ತಿದ್ದದ್ದು ಆಮೇಲೆ ನೆಟ್ಟಗಾಗಿ, ಕಡೆಗೆ ನೋಡಿದವರು ಕೈಗೆತ್ತಿಕೊಂಡು ಕೆಳಗಿಡದಷ್ಟು ಚೆನ್ನಾಗಿ ಬರತೊಡಗಿತು. ಮಾರೋಣವೆಂದು ಆಕೆ ಆನ್‌ಲೈನಿನಲ್ಲಿ ಒಂದು ಪುಟ ತೆರೆದು ಫೋಟೊ ಹಾಕಿದರು. ಬೇಡಿಕೆಯೂ ಬಂತು. ಅದರ ಬೆನ್ನಿಗೇ ಗಂಡನೂ ಬಂದರು.

"ಏನಿದು? ಹೂಜಿ ಹಿಂದೆ ನಮ್ಮ ಹಸಿರು ಗೇಟು ಕಾಣ್ತಿದೆ! ಕಳ್ಳನ ಕೈಗೆ ನೀನೇ ನಕ್ಷೆ ಕೊಟ್ಟ ಹಾಗಾಯ್ತು!"

"ಹಸಿರು ಗೇಟು ಊರಲ್ಲಿ ಇದೊಂದೇನಾ ಇರೋದು?"

"ವಾದ ಬೇಡ. ಅಳಿಸು!"

ಆಕೆ ವಾದಿಸಲಿಲ್ಲ. ಫೋಟೊ ಅಳಿಸಿದರು, ಆಮೇಲೆ ಪುಟವನ್ನೇ ಮುಚ್ಚಿದರು. ಹೂಜಿಗಳು ಹಿಂದಿನ ಕೋಣೆಯಲ್ಲಿ ಒಂದರ ಪಕ್ಕ ಒಂದು ಸಾಲಾಗಿ ಕುಳಿತವು. ಬೀಗಪ್ಪನವರು ಮನೆ ಉಳಿಸಿದ ಹೆಮ್ಮೆಯಲ್ಲಿ ಆ ರಾತ್ರಿ ಚೆನ್ನಾಗಿ ಗೊರಕೆ ಹೊಡೆದರು.

ಈಗ ಸೈಕಲ್ಲಿನ ಕಥೆಗೆ ಬರೋಣ. ಹೊಟ್ಟೆ ಬೆಲ್ಟಿನ ಮಾತು ಕೇಳದೆ ಹೋದ ಮೇಲೆ ಬೀಗಪ್ಪನವರು ಸೈಕಲ್ ಕೊಂಡರು. ಸೈಕಲ್ಲಿನ ಹಿಂದೆಯೇ ಹೆಲ್ಮೆಟ್ಟು, ಕಪ್ಪು ಕನ್ನಡಕ, ನಾಡಿ ಎಣಿಸುವ ಕೈಗಡಿಯಾರ, ಮೈಗಂಟುವ ಚಡ್ಡಿ ಎಲ್ಲ ಬಂದವು. ಚಡ್ಡಿ ಹಾಕಿಕೊಂಡು ಮೊದಲ ಸಲ ಹೊರಬಂದಾಗ ಅತ್ತೆಯವರು ಕೈಲಿದ್ದ ಓದುವ ಕನ್ನಡಕವನ್ನು ಮೆಲ್ಲಗೆ ಡಬ್ಬಿಗೆ ಸೇರಿಸಿದರು.

ಸವಾರಿ ಮಾಡಿದ ಮೇಲೆ ಲೋಕಕ್ಕೆ ತಿಳಿಯದಿದ್ದರೆ ಹೇಗೆ? ಸವಾರರಿಗೆಂದೇ ಒಂದು ಆ್ಯಪ್ ಇತ್ತು. ಎಲ್ಲಿಂದ ಹೊರಟಿರಿ, ಎಲ್ಲಿಗೆ ಹೋದಿರಿ, ಎಷ್ಟು ಏದುಸಿರು ಬಿಟ್ಟಿರಿ ಎಂಬುದನ್ನೆಲ್ಲ ನಕ್ಷೆಯ ಮೇಲೆ ಗೆರೆ ಎಳೆದು ತೋರಿಸುತ್ತಿತ್ತು. ಬೀಗಪ್ಪನವರು ಅದಕ್ಕೆ ಸೇರಿದರು. ಆದರೆ ಅವರೇನು ಸಾಮಾನ್ಯರೇ? ನಿಜವಾದ ಹೆಸರು ಕೊಡಲಿಲ್ಲ! 'ಅಜ್ಞಾತ ಸವಾರ' ಎಂದು ಬರೆದು ಮೀಸೆ ತಿರುವಿಕೊಂಡರು. ಹೆಸರನ್ನು ಮುಚ್ಚಿಟ್ಟರೆ ಉಳಿದದ್ದೆಲ್ಲ ತಾನಾಗಿ ಮುಚ್ಚಿಹೋಗುತ್ತದೆ ಎಂದು ಅವರು ಪೂರ್ತಿಯಾಗಿ ನಂಬಿದ್ದರು.

ಆ ಆ್ಯಪಿನಲ್ಲಿ ಸೆಗ್ಮೆಂಟ್ ಎಂಬುದೊಂದು ಉಂಟು. ಇಲ್ಲಿಂದ ಅಲ್ಲಿಯವರೆಗೆ ಎಂದು ದಾರಿಯ ಒಂದು ತುಂಡನ್ನು ಯಾರು ಬೇಕಾದರೂ ಗುರುತು ಹಾಕಬಹುದು. ಆ ತುಂಡನ್ನು ಎಲ್ಲರಿಗಿಂತ ಬೇಗ ದಾಟಿದವರ ಹೆಸರಿನ ಪಕ್ಕ ಚಿನ್ನದ ಬಣ್ಣದ ಒಂದು ಕಿರೀಟ. ಬೀಗಪ್ಪನವರಿಗೆ ಆ ಕಿರೀಟದ ಹುಚ್ಚು ಹಿಡಿಯಿತು. ಆದರೆ ಯಾವ ರಸ್ತೆಗೆ ಹೋದರೂ ಪಟ್ಟಿಯ ಬುಡದಲ್ಲಿ ಅವರೇ! ಸೇತುವೆಯ ಏರಿನಲ್ಲಂತೂ ಹಾಲಿನ ಕ್ಯಾನು ಕಟ್ಟಿಕೊಂಡವನು ಬೆಲ್ ಹೊಡೆದು ಮುಂದೆ ಹೋದ.

ಆಗ ಹೊಳೆಯಿತು ಮಹಾ ಉಪಾಯ. ತನ್ನದೇ ಗೇಟಿನಿಂದ ರಸ್ತೆಯ ಕೊನೆಯ ನೀರಿನ ಟ್ಯಾಂಕಿನವರೆಗೆ ಒಂದು ಏರಿದೆ. ಆಚೆಗೆ ದಾರಿಯಿಲ್ಲದ್ದರಿಂದ ಅಲ್ಲಿ ಬೇರೆ ಸವಾರರ ಸುಳಿವಿಲ್ಲ. ಅದನ್ನೇ ಸೆಗ್ಮೆಂಟ್ ಮಾಡಿದರೆ? ಮಾಡಿಯೇ ಬಿಟ್ಟರು! 'ಹಸಿರು ಗೇಟಿನ ಏರು' ಎಂದು ನಾಮಕರಣವೂ ಆಯಿತು. ಗೇಟಿಗೆ ಬೆನ್ನು ಮಾಡಿ, ಹೆಂಡತಿಯ ದೊಡ್ಡ ಹೂಕುಂಡಕ್ಕೆ ಸೈಕಲ್ ಒರಗಿಸಿ, ಹೆಲ್ಮೆಟ್ಟು ಕಪ್ಪು ಕನ್ನಡಕದೊಳಗಿಂದ ಬಾಯಿತುಂಬ ನಕ್ಕು, ಆ್ಯಪಿಗೆ ಒಂದು ಫೋಟೊ ಬೇರೆ. ಒಬ್ಬನೇ ಓಡಿದ ಓಟದಲ್ಲಿ ಮೊದಲು ಬಂದು, ಬೀಗಪ್ಪನವರು ಕಿರೀಟಧಾರಿಯಾದರು.

ರಾಜ್ಯಭಾರ ಕೆಲವು ವಾರ ಸುಖವಾಗಿ ನಡೆಯಿತು. ಒಂದು ಭಾನುವಾರ ಇನ್ನೂ ಬೆಳಕು ಹರಿಯುವ ಮೊದಲೇ ಗೇಟಿನ ಮುಂದೆ ಟಕ್ ಟಕ್ ಸದ್ದು. ಪರದೆ ಸರಿಸಿ ನೋಡಿದರೆ ಸೈಕಲ್ ಹಿಡಿದ, ಹೆಲ್ಮೆಟ್ಟು ಹಾಕಿದ ಹತ್ತಾರು ಮಂದಿ! ಒಬ್ಬ ಗೇಟು ಹಿಡಿದುಕೊಂಡು ಕಾಲು ಚಾಚುತ್ತಿದ್ದಾನೆ. ಇನ್ನೊಬ್ಬ ಕಾಂಪೌಂಡಿನ ಮೇಲೆ ನೀರಿನ ಬಾಟಲಿ ಇಟ್ಟಿದ್ದಾನೆ. ಯಾರೋ ಸಿಳ್ಳೆ ಹಾಕಿದೊಡನೆ ಒಬ್ಬೊಬ್ಬರಾಗಿ ಟ್ಯಾಂಕಿನ ಕಡೆ ಹಾರಿದರು.

"ವಿಳಾಸ ಸೋರಿದೆ!" ಬೀಗಪ್ಪನವರು ಕಿರುಚಿದರು. ಕಿರೀಟಕ್ಕೂ ಈ ಜಾತ್ರೆಗೂ ಸಂಬಂಧ ಇರಬಹುದು ಎಂಬ ಯೋಚನೆ ಅವರ ಹತ್ತಿರವೂ ಸುಳಿಯಲಿಲ್ಲ. ಅವರ ಬೆರಳು ನೆಟ್ಟಗೆ ಹೋದದ್ದು ಹೆಂಡತಿಯ ಕಡೆಗೆ. "ನಿನ್ನದೇ ಕೆಲಸ! ಆ ಹೂಜಿ ಫೋಟೊ!"

"ಅದನ್ನ ಅಳಿಸಿ ಎಷ್ಟು ಕಾಲ ಆಯ್ತು ರೀ!"

"ಒಂದ್ಸಲ ಹೊರಗೆ ಹೋದದ್ದು ಹೋದ ಹಾಗೇ. ಎಲ್ಲೋ ಒಂದು ಕಡೆ ಇದ್ದೇ ಇರುತ್ತೆ!"

"ನನ್ನ ಹೂಜಿ ನೋಡೋಕೆ ಹೆಲ್ಮೆಟ್ ಹಾಕ್ಕೊಂಡು ಬರ್ತಾರಾ? ತಲೆ ಮೇಲೆ ಎತ್ತಿ ಹಾಕ್ತೀನಿ ಅಂತ ಭಯಾನಾ?"

ಅತ್ತೆಯವರು ಕಿಸಕ್ಕೆಂದರು. ಅದು ಬೀಗಪ್ಪನವರನ್ನು ಇನ್ನಷ್ಟು ಕೆರಳಿಸಿತು. "ನಗಬೇಡಿ! ಮನೆಯಲ್ಲಿ ಒಬ್ಬರಿಗಾದರೂ ಜವಾಬ್ದಾರಿ ಇದೆಯಾ? ನಾಕು ಮಡಕೆ ಮಾರೋ ಆಸೆಗೆ ಮನೇನೇ ಬೀದಿಗೆ ತಂದುಬಿಟ್ಟೆ!"

ಹೆಂಡತಿಯ ಮುಖದಲ್ಲಿದ್ದ ನಗೆ ಆರಿಹೋಯಿತು. ಆಕೆ ಹಿಂದಿನ ಕೋಣೆಗೆ ಹೋಗಿ ಚಕ್ರದ ಮೇಲೊಂದು ಹಳೆಯ ದುಪ್ಪಟಿ ಹೊದಿಸಿದರು. "ಇದನ್ನ ಯಾರಿಗಾದ್ರೂ ಕೊಟ್ಟುಬಿಡಿ. ಮುಂದಿನ ವಾರ ಆ ಹೆಲ್ಮೆಟ್ಟಿನೋರು ಮತ್ತೆ ಬಂದ್ರೆ ಅವರೇ ತಗೊಂಡು ಹೋಗ್ಲಿ. ನನಗಿನ್ನು ಬೇಡ."

ಆ ವಾರವೆಲ್ಲ ಮನೆಯಲ್ಲಿ ಚಕ್ರದ ಗುಂಯ್ ಸದ್ದಿಲ್ಲ. ಬೀಗಪ್ಪನವರಿಗೆ ಏನೋ ಕಳೆದುಹೋದ ಹಾಗೆ ಅನಿಸಿದರೂ ಸೋಲೊಪ್ಪಿಕೊಳ್ಳುವ ಜೀವವಲ್ಲ ಅದು. ಮುಂದಿನ ಭಾನುವಾರ ಗೇಟಿನ ಹಿಂದೆ ಅವಿತುಕೊಂಡು, ಟಕ್ ಟಕ್ ಎಂದೊಡನೆ ಅತ್ತೆಯವರ ಊರುಗೋಲು ಎತ್ತಿ ಹಿಡಿದು ನುಗ್ಗಿದರು.

"ನಿಲ್ಲಿ! ಈ ವಿಳಾಸ ನಿಮಗೆ ಯಾರು ಕೊಟ್ಟರು? ಈಗಲೇ ಹೇಳಬೇಕು!"

ಹೆಂಡತಿ, ಅತ್ತೆ ಇಬ್ಬರೂ ಬಾಗಿಲಿಗೆ ಬಂದರು. ಅಕ್ಕಪಕ್ಕದ ಮನೆಗಳ ಕಿಟಕಿಗಳೂ ತೆರೆದವು. ಹಳದಿ ಹೆಲ್ಮೆಟ್ಟಿನ ಹೆಂಗಸೊಬ್ಬರು ಸೈಕಲ್ ಇಳಿದು ಮುಂದೆ ಬಂದರು.

"ಕೋಪ ಮಾಡ್ಕೋಬೇಡಿ ಸಾರ್. ಯಾರೋ ಅಜ್ಞಾತ ಸವಾರ ಅಂತೆ, ಅವರೇ ನಿಮ್ಮ ಗೇಟಿಂದ ಸೆಗ್ಮೆಂಟ್ ಹಾಕಿದ್ದಾರೆ. ಸುಲಭವಾಗಿ ಸಿಗೋ ಕಿರೀಟ ಅಂತ ನಾವೆಲ್ಲ ಬಂದ್ವಿ. ನಿಜ ಹೇಳ್ಬೇಕಂದ್ರೆ, ಈ ಮನೆಯವರಿಗೆ ಒಂದು ಎಚ್ಚರಿಕೆ ಹೇಳಬೇಕು ಅಂತ ನಾನೇ ಅಂದ್ಕೊಂಡಿದ್ದೆ."

"ಎ... ಎಚ್ಚರಿಕೆ?" ಊರುಗೋಲು ಅರ್ಧ ಇಳಿಯಿತು.

"ಆ ಮನುಷ್ಯ ದಿನಾ ನಿಮ್ಮ ಗೇಟಿಂದಲೇ ಹೊರಡೋದು. ಎಷ್ಟು ಹೊತ್ತಿಗೆ ಹೋಗ್ತಾನೆ, ಎಷ್ಟು ಹೊತ್ತಿಗೆ ಬರ್ತಾನೆ, ಯಾವ ದಿನ ಊರಲ್ಲಿರಲ್ಲ, ಎಲ್ಲಾ ಇದೆ ನೋಡಿ. ತೂಕ ಕೂಡ ಇದೆ ಪಾಪ! ಟ್ಯಾಂಕ್ ಹತ್ರ ಎದೆಬಡಿತ ನೋಡಿದ್ರೆ ಆಂಬುಲೆನ್ಸ್ ಕರೀಬೇಕು ಅನ್ಸುತ್ತೆ. ಯಾವ ದಡ್ಡ ಇದನ್ನೆಲ್ಲ ಊರಿಗೆ ಹಂಚ್ತಾನೆ ಹೇಳಿ?"

ಬೀಗಪ್ಪನವರು ಊರುಗೋಲನ್ನು ಬೆನ್ನ ಹಿಂದೆ ಸರಿಸಿದರು. ಆಕೆ ಫೋನು ಮುಂದೆ ಹಿಡಿದು ಫೋಟೊ ತೋರಿಸಿದರು. "ಮುಖ ಪೂರ್ತಿ ಮುಚ್ಚಿಕೊಂಡಿದ್ದಾನೆ. ಈ ಹಲ್ಲು ಮಾತ್ರ ಎಲ್ಲೋ ನೋಡಿದ ಹಾಗಿದೆ..." ಎನ್ನುತ್ತ ಫೋಟೊ ನೋಡಿದರು, ಬೀಗಪ್ಪನವರ ತೆರೆದ ಬಾಯಿ ನೋಡಿದರು, ಮತ್ತೆ ಫೋಟೊ ನೋಡಿದರು. ಹೆಲ್ಮೆಟ್ ತೆಗೆದರು. ಊರಿನ ಹಲ್ಲಿನ ಡಾಕ್ಟರು!

"ಅರೆ ಸಾರ್, ಇದು ನಾನೇ ಕಟ್ಟಿದ ಹಲ್ಲಲ್ವಾ!"

ಭೂಮಿ ಬಾಯಿಬಿಡಬಾರದೇ ಎಂದು ಬೀಗಪ್ಪನವರು ಕೆಳಗೆ ನೋಡಿದರು. ಬಾಯಿಬಿಟ್ಟದ್ದು ಅತ್ತೆಯವರು. "ನನ್ನ ತಂಗಿಗೆ ಕಂಬ ತೋರಿಸಬಾರದಿತ್ತು. ಊರಿಗೆ ಹಲ್ಲು ತೋರಿಸಬಹುದು!"

ಹೆಂಡತಿ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಬದುಕಿಕೊಳ್ಳುತ್ತಿದ್ದರು ನಮ್ಮ ಬೀಗಪ್ಪ. ಡಾಕ್ಟರು ಮಾತು ತಿರುಗಿಸಲೆಂದು ಫೋಟೊದಲ್ಲಿನ ಹೂಕುಂಡದ ಮೇಲೆ ಬೆರಳಿಟ್ಟರು. "ಹೋಗಲಿ ಬಿಡಿ. ಈ ಕುಂಡ ಎಲ್ಲಿ ತಗೊಂಡ್ರಿ? ನಮ್ಮ ಗುಂಪಿನಲ್ಲಿ ಎಲ್ಲರೂ ಕೇಳ್ತಿದ್ದಾರೆ."

ಹೆಂಡತಿ ಗಂಡನ ಮುಖ ನೋಡಿ ಒಳಗೆ ಹೋದರು.

ಬೀಗಪ್ಪನವರು ಆಕೆಯಿದ್ದ ಹಿಂದಿನ ಕೋಣೆಯ ಬಾಗಿಲಿಗೆ ಬಂದರು. ಆಫೀಸಿನಲ್ಲಿ ಚೀಟಿ ಅಂಟಿಸಿದ್ದಕ್ಕೆ ಬೈಸಿಕೊಂಡವರೆಲ್ಲ ಒಬ್ಬೊಬ್ಬರಾಗಿ ನೆನಪಾದರು. ಅವರನ್ನು ಬೈದದ್ದಕ್ಕೆ ಅಷ್ಟೇನೂ ಬೇಸರವಾಗಲಿಲ್ಲ. ನಾಕು ಮಡಕೆ ಎಂದಿದ್ದರಲ್ಲ, ಆ ಮಾತು ನೆನೆದು ಮಾತ್ರ ನಾಚಿಕೆಯಿಂದ ಕಿವಿ ಬಿಸಿಯಾಯಿತು. ದುಪ್ಪಟಿಯನ್ನು ತಾವೇ ತೆಗೆದು ಮಡಿಸಿದರು.

"ತಪ್ಪೆಲ್ಲ ನನ್ನದೇ. ನಿನ್ನ ಮೇಲೆ ಹಾಕಿದೆ. ನಿನ್ನ ಕೆಲಸಾನೂ ಹೀಗಳೆದೆ. ಆ ಸೆಗ್ಮೆಂಟ್ ಈಗಲೇ ಅಳಿಸ್ತೀನಿ."

"ಅಳಿಸೋ ಕಾನೂನು ನನ್ನ ಫೋಟೊಗೆ ಮಾತ್ರ ಅಲ್ವಾ?" ಆಕೆ ತಿರುಗದೆಯೇ ಹೇಳಿದರು. "ನೀವು ಹೋಗೋ ಹೊತ್ತು, ಬರೋ ಹೊತ್ತು, ತೂಕ, ಏದುಸಿರು ಎಲ್ಲ ಮುಚ್ಚಿ. ನನ್ನ ಪುಟ ಮತ್ತೆ ತೆರೀರಿ. ಏರು ಹಾಗೇ ಇರಲಿ."

"ಇರಲಿ ಅಂದ್ರೆ? ಜನ ಬರ್ತಾರಲ್ಲೇ!"

"ಬರಲಿ ಅಂತಾನೇ ಹೇಳ್ತಿರೋದು."

ಹೀಗೆ ಹಸಿರು ಗೇಟಿನ ಮುಂದೆ ಭಾನುವಾರದ ಅಂಗಡಿ ಶುರುವಾಯಿತು. ಸವಾರರು ಏರು ಹತ್ತಿ ಇಳಿದು ಬಂದು ಲೋಟ, ಹೂಜಿ ಆರಿಸುತ್ತಾರೆ. ಹೆಂಡತಿ ಒಳಗೆ ಚಕ್ರದ ಮುಂದೆ. ಅತ್ತೆಯವರು ಕರೆಂಟ್ ಕಂಬದ ಕೆಳಗೇ ಕುರ್ಚಿ ಹಾಕಿಕೊಂಡು ಗಿರಾಕಿಗಳ ಜೊತೆ ಫೋಟೊ ತೆಗೆಸಿಕೊಳ್ಳುತ್ತಾರೆ. ಕಿರೀಟ ಡಾಕ್ಟರ ಪಾಲಾಗಿದೆ. ಅಜ್ಞಾತ ಸವಾರರು ಪಟ್ಟಿಯ ಬುಡಕ್ಕೆ, ತಮ್ಮ ಹಳೆಯ ಜಾಗಕ್ಕೇ ಮರಳಿದ್ದಾರೆ.

ಮೊನ್ನೆ ಹೊಸ ಸವಾರನೊಬ್ಬ ಬಂದ. ಗೇಟಿನ ಪಕ್ಕ ಕುಕ್ಕರುಗಾಲಿನಲ್ಲಿ ಕುಳಿತು ಹೂಜಿಗೆ ಹಳೆ ಪೇಪರು ಸುತ್ತುತ್ತಿದ್ದವರ ಹತ್ತಿರ ಬಗ್ಗಿ, ದನಿ ತಗ್ಗಿಸಿ ಕೇಳಿದ.

"ಅಣ್ಣಾ, ತನ್ನ ಮನೆ ಗುಟ್ಟನ್ನ ತಾನೇ ಊರಿಗೆಲ್ಲ ಹಂಚಿ ಹೆಂಡತಿ ಮೇಲೆ ಹಾಕಿದ್ನಂತಲ್ಲ ಒಬ್ಬ, ಅವನು ಇಲ್ಲೇ ಇರೋದಾ?"

ಬೀಗಪ್ಪನವರು ತಲೆಯೆತ್ತಲಿಲ್ಲ. ತುಟಿ ಬಿಗಿಹಿಡಿದು, ಕಟ್ಟಿಸಿದ ಹಲ್ಲು ಕಾಣದ ಹಾಗೆ ಹೇಳಿದರು: "ಅವರು ಊರಲ್ಲಿಲ್ಲ."

ಚಕ್ರದ ಸದ್ದು ನಿಂತಿತು. ಒಳಗಿನಿಂದ ಹೆಂಡತಿಯ ದನಿ ಬೀದಿಗೆಲ್ಲ ಕೇಳಿಸಿತು.

"ಇದ್ದಾರೆ! ನಿಮಗೆ ಪೇಪರ್ ಸುತ್ತಿ ಕೊಡ್ತಿದ್ದಾರಲ್ಲ, ಅವರೇ!"