ಗುರ್ತವಿಲ್ಲದ ಕಂಪೆನಿ

ಪುತ್ತೂರು, ಸುಳ್ಯ ಮತ್ತು ಕಡಬ ತಾಲೂಕುಗಳಲ್ಲಿ ಗುರ್ತ ಪರಿಚಯ ಇಲ್ಲದವರಿಂದ ಯಾರೂ ಒಂದು ಕಟ್ಟು ವೀಳ್ಯದೆಲೆಯನ್ನೂ ಕೊಳ್ಳುವುದಿಲ್ಲ. ಆದ್ದರಿಂದ ಆನ್‌ಲೈನಿನಲ್ಲಿ ಸಿಗುವ, ಮನೆಯಲ್ಲೇ ಕೂತು ಮಾಡುವ ಕೆಲಸಗಳಲ್ಲಿ ಅಸಲಿ ಯಾವುದು, ನಕಲಿ ಯಾವುದು ಎಂದು ತೀರ್ಮಾನಿಸಲು ಮೂರು ತಾಲೂಕುಗಳ ಗಣ್ಯರು ಸೇರಿ ‘ಗೃಹೋದ್ಯೋಗ ನೈಜತಾ ಪರಿಶೀಲನಾ ಸಮಿತಿ’ಯನ್ನು ರಚಿಸಿದ್ದಾರೆ. ಅಧ್ಯಕ್ಷರು ನಿವೃತ್ತ ಹೆಡ್‌ಮಾಸ್ತರ್ ತಿರುಮಲೇಶ್ವರ ಅವರು, ಕಾರ್ಯದರ್ಶಿ ವಸುಮತಿ ಅಕ್ಕ. ನಡಾವಳಿ ಬರೆಯುವವನು ನಾನು. ಸಮಿತಿಯ ಪ್ರಮಾಣಪತ್ರ ಇದ್ದವರ ಮನೆಗೆ ಮಾತ್ರ ಊರಿನ ಕೇಬಲಿನವರು ಇಂಟರ್‌ನೆಟ್ ಎಳೆಯುತ್ತಾರೆ. ಉಳಿದವರು ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಬಹುದು. ಅದಕ್ಕೆ ಅನುಮತಿ ಬೇಕಾಗಿಲ್ಲ.

ನಿಯಮಾವಳಿ ಸರಳವಾಗಿದೆ. ಕಂಪೆನಿಯವರು ಯಾರ ಪೈಕಿ, ಅಂದರೆ ಯಾರ ಕಡೆಯವರು ಎಂಬುದು ಗೊತ್ತಾಗಬೇಕು. ಮತ್ತು ಕಂಪೆನಿಯು ಅರ್ಜಿದಾರರಿಂದ ನೋಂದಣಿ ಶುಲ್ಕ ಕೇಳಿರಬೇಕು. ಪುಕ್ಕಟೆ ಕೆಲಸ ಕೊಡುವವರನ್ನು ನಂಬಬಾರದು ಎಂಬುದು ಹಿರಿಯರ ಅನುಭವ.

ಕಳೆದ ಜೂನಿನ ಒಂದು ಗುರುವಾರ ಎರಡು ಅರ್ಜಿಗಳು ಬಂದವು. ಎರಡೂ ನೆಲ್ಯಾಡಿಯ ಅಕ್ಕಪಕ್ಕದ ಮನೆಗಳವು. ಮೊದಲನೆಯದು, ಬಾಡಿಗೆ ಜೀಪು ಓಡಿಸಿ ಸೊಂಟನೋವು ತಂದುಕೊಂಡ ಸುದರ್ಶನನದು. ಅವನಿಗೆ ವಾಟ್ಸ್ಯಾಪಿನಲ್ಲಿ ‘ಸ್ವರ್ಣ ಗ್ಲೋಬಲ್ ಡೇಟಾ’ ಎಂಬ ಕಂಪೆನಿ ಕೆಲಸ ಕೊಟ್ಟಿತ್ತು. ಅಧ್ಯಕ್ಷರು ಮ್ಯಾನೇಜರಿಗೆ ಸ್ಪೀಕರಿನಲ್ಲಿ ಫೋನು ಮಾಡಿದರು.

“ನಿಮ್ಮದು ಎಲ್ಲಿ ಆಯ್ತು?”

“ನಿಮ್ಮದೆಲ್ಲಿ ಸರ್?”

“ಕಡಬ.”

“ಓ, ಕಡಬವಾ! ನಮ್ಮ ಅತ್ತೆಯ ತಂಗಿಯನ್ನು ಕೊಟ್ಟದ್ದು ಅಲ್ಲಿಗೇ ಅಲ್ವಾ ಸರ್!”

“ಹಾಗಾದ್ರೆ ನಮ್ಮವರೇ ಆಯ್ತಲ್ಲ ಮಾರಾಯ್ರೆ!”

ಹನ್ನೆರಡು ನಿಮಿಷದಲ್ಲಿ ಪ್ರಮಾಣಪತ್ರ ಸಿಕ್ಕಿತು. ಸುದರ್ಶನ ಕಂಪೆನಿ ಕೇಳಿದ ಐದು ಸಾವಿರ ಶುಲ್ಕವನ್ನು ಅಲ್ಲಿಂದಲೇ ಕಳಿಸಿದ.

ಎರಡನೆಯ ಅರ್ಜಿ ಜಿನ್ಸಿಯದು. ಮಂಗಳೂರಿನಲ್ಲಿ ನರ್ಸ್ ಆಗಿದ್ದವಳು, ತಾನು ಅಮ್ಮಚ್ಚಿ ಎಂದು ಕರೆಯುವ ಅತ್ತೆ ರಾಹೇಲ್ ಬಿದ್ದು ತೊಡೆಯ ಮೂಳೆ ಮುರಿದುಕೊಂಡ ಮೇಲೆ ಕೆಲಸ ಬಿಟ್ಟು ಬಂದಿದ್ದಳು. ಉದ್ಯೋಗದ ಜಾಲತಾಣಗಳಲ್ಲಿ ನಲವತ್ತಮೂರು ಅರ್ಜಿ ಹಾಕಿ, ಗುಡ್ಡದ ತುದಿಯಲ್ಲಿ ಕೊಡೆ ಹಿಡಿದು ಎರಡು ಇಂಟರ್‌ವ್ಯೂ ಕೊಟ್ಟು, ಐರ್ಲೆಂಡಿನ ಒಂದು ಕಂಪೆನಿಯಲ್ಲಿ ಆಸ್ಪತ್ರೆ ದಾಖಲೆಗಳಲ್ಲಿನ ತಪ್ಪು ತಿದ್ದುವ ಕೆಲಸ ಗಿಟ್ಟಿಸಿದ್ದಳು.

ತಾವು ಯಾರ ಪೈಕಿ, ತಂದೆಯವರ ಹೆಸರೇನು, ಶುಲ್ಕ ಎಷ್ಟು ಎಂದು ವಸುಮತಿ ಅಕ್ಕ ಕಂಪೆನಿಗೆ ಇಮೇಲ್ ಮಾಡಿದರು. ಕೆಲಸಕ್ಕೆ ಸೇರುವವರಿಂದ ನಾವು ಹಣ ಪಡೆಯುವುದಿಲ್ಲ, ಕುಟುಂಬದ ವಿವರ ಕೊಡುವ ಕ್ರಮವೂ ಇಲ್ಲ ಎಂದು ಉತ್ತರ ಬಂತು.

ಅಧ್ಯಕ್ಷರು ಕನ್ನಡಕ ತೆಗೆದಿಟ್ಟರು. “ಹಣವೂ ಬೇಡ, ಅಪ್ಪನ ಹೆಸರೂ ಹೇಳುದಿಲ್ಲ. ಇದು ಎಂತ ಕಂಪೆನಿ?”

ಜಿನ್ಸಿ ಎದ್ದು ನಿಂತಳು. “ಸರ್, ಅಲ್ಲಿಯ ಸರಕಾರಿ ದಾಖಲೆಯಲ್ಲಿ ನೋಡಿದ್ದೇನೆ, ಹದಿನೆಂಟು ವರ್ಷದ ಕಂಪೆನಿ. ಅಲ್ಲಿ ಕೆಲಸ ಮಾಡುವ ಇಬ್ಬರ ಹತ್ರ ಮಾತಾಡಿದ್ದೇನೆ. ಸೋಮವಾರದೊಳಗೆ ಲೈನ್ ಬರದಿದ್ರೆ ಕೆಲಸ ಹೋಗ್ತದೆ. ಅಮ್ಮಚ್ಚಿಯನ್ನು ಬಿಟ್ಟು ನಾನು ಇನ್ನೆಲ್ಲಿಗೆ ಹೋಗುದು?”

“ಅದೆಲ್ಲ ಸರಿ ಮಗಳೇ,” ಎಂದರು ವಸುಮತಿ ಅಕ್ಕ, “ಆದ್ರೆ ಗುರ್ತ ಉಂಟಾ?”

ಗುರ್ತ ಇರಲಿಲ್ಲ. ಅರ್ಜಿದಾರರ ಹಿತದೃಷ್ಟಿಯಿಂದ ಅರ್ಜಿ ತಿರಸ್ಕೃತವಾಯಿತು. ಅವಳ ಮುಖ ನೋಡಿ ನನಗೆ ತುಂಬಾ ಬೇಜಾರಾಯಿತು. ನಡಾವಳಿ ಪುಸ್ತಕದಲ್ಲಿ ಬೇಜಾರಿಗೆ ಕಾಲಂ ಇಲ್ಲದ ಕಾರಣ ಬರೆಯಲಿಲ್ಲ.

ಶನಿವಾರ ಸುದರ್ಶನನ ಮನೆಗೆ ಕೇಬಲ್ ಬಂತು. ಭಾನುವಾರ ಸ್ವರ್ಣ ಗ್ಲೋಬಲಿನ ಫೋನು ಸ್ವಿಚ್ ಆಫ್ ಆಯಿತು. ತುರ್ತು ಸಭೆ ಸೇರಿತು. “ಗುರ್ತದವರು ಮೋಸ ಮಾಡುದಿಲ್ಲ. ಮನೆಯಲ್ಲಿ ಸೂತಕ ಗೀತಕ ಬಂದಿರ್ಬಹುದು,” ಎಂದರು ಅಧ್ಯಕ್ಷರು. ಕಂಪೆನಿ ಸೂತಕದಲ್ಲಿದೆ ಎಂದು ದಾಖಲಿಸಲಾಯಿತು.

ಸೋಮವಾರ ಬೆಳಿಗ್ಗೆ ಸುದರ್ಶನ ಬೇಲಿಯಾಚೆಯಿಂದ ಕರೆದ. “ಜಿನ್ಸಿ, ನನ್ನಲ್ಲಿ ಲೈನ್ ಉಂಟು, ಕೆಲಸ ಇಲ್ಲ. ನಿನ್ನಲ್ಲಿ ಕೆಲಸ ಉಂಟು, ಲೈನ್ ಇಲ್ಲ. ಜಗಲಿಯಲ್ಲಿ ಮೇಜು ಹಾಕಿದ್ದೇನೆ, ಬಾ.”

ಕೇಬಲಿನ ಬಿಲ್ಲು ಅವಳದೆಂದಾಯಿತು. ಅಮ್ಮಚ್ಚಿ ಕೂಗಿದರೆ ಆ ಜಗಲಿಗೆ ಕೇಳುತ್ತದೆ.

ಡಿಸೆಂಬರಿನಲ್ಲಿ ಸಮಿತಿ ಸ್ಥಳ ತನಿಖೆಗೆ ಹೋಯಿತು. ಸುದರ್ಶನನ ಮನೆಯಲ್ಲಿ ಕಂಪ್ಯೂಟರ್ ಚಾಲನೆಯಲ್ಲಿತ್ತು, ಕೆಲಸ ಭರದಿಂದ ಸಾಗುತ್ತಿತ್ತು, ಸುದರ್ಶನ ಚಹಾ ಮಾಡುತ್ತಿದ್ದ. ಜಿನ್ಸಿ ಮೇಜಿನ ಮುಂದೆ ಕೂತಿದ್ದಳು. ಪಾಪ, ಕೆಲಸ ಕಲಿಯಲು ಬಂದಿರಬೇಕು ಎಂದು ಅಧ್ಯಕ್ಷರು ಮರುಗಿದರು. ಪಕ್ಕದ ಮನೆಯಲ್ಲಿ ರಾಹೇಲ್ ಮಂಚದಿಂದಲೇ, “ಜಿನ್ಸಿ ಕೆಲಸಕ್ಕೆ ಹೋಗಿದ್ದಾಳೆ,” ಎಂದರು. ಹೊರಗೆ ಹೋಗಿ ಮಾಡುವುದು ಗೃಹೋದ್ಯೋಗದ ವ್ಯಾಪ್ತಿಗೆ ಬರುವುದಿಲ್ಲ. ‘ಸುದರ್ಶನ: ಮನೆಯಲ್ಲಿ ಕೆಲಸ ನಡೆಯುತ್ತಿದೆ. ಜಿನ್ಸಿ: ಇಲ್ಲ’ ಎಂದು ಬರೆದೆ. ಎರಡೂ ಸತ್ಯವೇ.

ಆ ತಿಂಗಳ ಕೊನೆಗೆ ನೆಲ್ಯಾಡಿಯಲ್ಲೇ ವಾರ್ಷಿಕ ಸಮಾರಂಭ ನಡೆಯಿತು. ಅತ್ಯುತ್ತಮ ಗೃಹೋದ್ಯೋಗಿ ಸುದರ್ಶನನಿಗೆ ಶಾಲು ಹೊದಿಸಿದರು. ಜಿನ್ಸಿಗೆ ಐದು ಕಿಲೋ ಕುಚ್ಚಲಕ್ಕಿ ಮತ್ತು ಒಂದು ಬಾಟಲಿ ತೆಂಗಿನೆಣ್ಣೆ ಇರುವ ಸಾಂತ್ವನ ಕಿಟ್ ಕೊಟ್ಟರು. ಸಭೆ ಚಪ್ಪಾಳೆ ತಟ್ಟಿತು. ಅಸಲಿ ಕೆಲಸ ಗುರುತಿಸುವುದು ಹೇಗೆ ಎಂದು ಸುದರ್ಶನ ಮಾತನಾಡಲು ನಿಂತಾಗ ಜಿನ್ಸಿ ವೇದಿಕೆಯ ಪಕ್ಕಕ್ಕೆ ಬಂದು ಶಾಲಿನ ತುದಿ ಎಳೆದಳು.

“ಸುದರ್ಶನಣ್ಣ, ಭಾಷಣ ಸಾಕು. ಮನೆಯ ಬೀಗದ ಕೈ ನಿಮ್ಮಲ್ಲಿ ಉಂಟು. ಎರಡೂವರೆಗೆ ನಾನು ಕೂರ್ಬೇಕು.”

ಅಕ್ಕಿಯ ಚೀಲ ಹಿಡಿದು ಅವಳು, ಶಾಲು ಹೊದ್ದು ಅವನು, ಇಬ್ಬರೂ ಜೀಪಿನ ಕಡೆಗೆ ಓಡಿದರು.

ಅಧ್ಯಕ್ಷರು ಅವಳನ್ನು ನೋಡಿ ನಿಟ್ಟುಸಿರು ಬಿಟ್ಟರು. “ಪಾಪ, ಕೆಲಸ ಇಲ್ಲದವರಿಗೇ ಗಡಿಬಿಡಿ ಜಾಸ್ತಿ.”

ಸಭೆ ಇದನ್ನು ಸರ್ವಾನುಮತದಿಂದ ಒಪ್ಪಿತು.